ಬಿರಾದಾರ ಸರ್ ಮಾಡಿದ ಸ್ಟ್ರಗಲ್

ಇಂಗ್ಲಿಷ್ ಕಲಿಸುವವನಿಗೆ ಇಂಗ್ಲಿಷ್ ಬರಲೇಬೇಕು ಎಂದು ಜನ ಯಾಕೆ ತಿಳಿದುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಕಟಿಂಗ್ ಅಂಗಡಿಯವನ ತಲೆಯ ಮೇಲೆ ಕೂದಲು ಇರಲೇಬೇಕು ಎಂದು ಯಾರೂ ಹಟ ಹಿಡಿಯುವುದಿಲ್ಲ. ಬಸವನ ಬಾಗೇವಾಡಿಯ ಒಂದು ಪ್ರೌಢಶಾಲೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪಠ್ಯಪುಸ್ತಕದ ಒಳಗಿನ ಇಂಗ್ಲಿಷ್ ನನಗೆ ನಮ್ಮ ಓಣಿಯಷ್ಟು ಪರಿಚಯ, ಕಣ್ಣು ಮುಚ್ಚಿಕೊಂಡು ಓಡಾಡುತ್ತೇನೆ. ಪುಸ್ತಕದ ಹೊರಗೆ ಕಾಲಿಟ್ಟರೆ ಮಾತ್ರ ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಮೊದಲ ಸಲ ಇಳಿದವನ ಹಾಗೆ ಆಗುತ್ತದೆ. ದಾರಿ ಕೇಳಬೇಕು, ಕೇಳಲು ನಾಚಿಕೆ. ಈ ಗುಟ್ಟು ಇಷ್ಟು ವರ್ಷ ನನ್ನ ಹೊಟ್ಟೆಯೊಳಗೇ ಇತ್ತು. ಹೋದ ಮಳೆಗಾಲದಲ್ಲಿ ಅದು ಗಾಜು ಹಾಕಿಸಿಕೊಂಡು, ಬಂಗಾರದ ಬಣ್ಣದ ಚೌಕಟ್ಟು ಕಟ್ಟಿಸಿಕೊಂಡು, ಗೋಡೆಗೆ ತೂಗುಹಾಕಲು ಬೆನ್ನಿಗೊಂದು ಕೊಂಡಿಯನ್ನೂ ಹೊಡೆಸಿಕೊಂಡು ಹೊರಗೆ ಬಂತು.

ನನ್ನ ಎರಡನೆಯ ರೋಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನಗೆ ಸುಮ್ಮನೆ ಕೂಡಲು ಬರುವುದಿಲ್ಲ. ತಲೆಯಲ್ಲಿ ಒಂದು ವಿಷಯ ಹೊಕ್ಕರೆ ಕಾಲುಗಳು ತಾವಾಗಿಯೇ ನಡೆಯತೊಡಗುತ್ತವೆ. ಅಡಿಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡಿಗೆಮನೆಗೆ. ಹೀಗೆ ನಡೆದಾಡುತ್ತಲೇ ನಾನು ಬಿ.ಎಡ್. ಪಾಸಾದೆ, ಹೀಗೆ ನಡೆದಾಡುತ್ತಲೇ ಮಗಳ ಮದುವೆ ನಿಶ್ಚಯ ಮಾಡಿದೆ. ನನ್ನ ಹೆಂಡತಿ ಸುಧಾ ನಡುಮನೆಯ ಮ್ಯಾಟನ್ನು ಆರು ತಿಂಗಳಿಗೊಮ್ಮೆ ತಿರುಗಿಸಿ ಹಾಸುತ್ತಾಳೆ, ಒಂದೇ ಕಡೆ ಸವೆಯಬಾರದೆಂದು. ಈ ಎರಡು ರೋಗಗಳು ಒಟ್ಟಿಗೆ ಎದ್ದರೆ ಏನಾಗುತ್ತದೆ ಎಂಬುದೇ ಈ ಕಥೆ.

ನಮ್ಮ ಶಾಲೆಯ ಗಣಿತದ ಬಿರಾದಾರ ಸರ್ ಜುಲೈ ಕೊನೆಗೆ ನಿವೃತ್ತರಾಗುವವರಿದ್ದರು. ಸಿಂದಗಿ ತಾಲ್ಲೂಕಿನ ಯಂಕಂಚಿಯವರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಯಾವಾಗಲೂ ನಾಲ್ಕು ಮಡಿಕೆಯ ಒಂದು ಹಾಳೆ. ಮಾತು ಕಡಿಮೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ತುಟ್ಟಿಭತ್ಯೆಯ ಬಗ್ಗೆ, ವರ್ಗಾವಣೆಯ ಬಗ್ಗೆ ಗದ್ದಲ ಮಾಡುತ್ತಿದ್ದರೆ ಅವರು ಮೂಲೆಯ ಕುರ್ಚಿಯಲ್ಲಿ ಕೂತು ಏನೋ ಗೀಚುತ್ತಿದ್ದರು. ಹುಡುಗರು ಅವರನ್ನು ಬಹಳ ಇಷ್ಟಪಡುತ್ತಿದ್ದರು. ಗಣಿತದ ಮಾಸ್ತರರನ್ನು ಹುಡುಗರು ಇಷ್ಟಪಡುವುದೆಂದರೆ ಅದು ಸಣ್ಣ ಮಾತಲ್ಲ. ನನಗೆ ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನಾನು ಅಷ್ಟೊಂದು ಚಟಾಕಿ ಹಾರಿಸಿ ಪಾಠ ಮಾಡಿದರೂ ಪ್ರತಿ ವರ್ಷ ಶಾಲೆ ಬಿಟ್ಟು ಹೋಗುವ ದಿನ ಹುಡುಗರು ಅಳುತ್ತಿದ್ದದ್ದು ಬಿರಾದಾರ ಸರ್ ಮುಂದೆ.

ಬೀಳ್ಕೊಡುಗೆಯ ಮೀಟಿಂಗಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಈ ಸಲದ ಮಾನಪತ್ರ ಇಂಗ್ಲಿಷಿನಲ್ಲೇ ಇರಲಿ ಎಂದರು. ಆ ವರ್ಷ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾಗಿದ್ದವು, ಪಾಲಕರು ಬಂದು ನೋಡಬೇಕು ಎಂಬುದು ಅವರ ಲೆಕ್ಕ. ಹೆಡ್ ಮಾಸ್ಟರು ನನ್ನ ಕಡೆ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ, ಅಲ್ಲಿ ಗೋಡೆ ಇತ್ತು. ನಮ್ಮಲ್ಲಿ ಇಂಗ್ಲಿಷ್ ಕಲಿಸುವವರು ಇನ್ನೊಬ್ಬರಿದ್ದಾರೆ, ಮುದ್ದೇಬಿಹಾಳದ ಸವಿತಾ ಟೀಚರ್. ಸೇರಿ ಎರಡು ವರ್ಷವಾಗಿದೆ, ಓದಿದ್ದು ಧಾರವಾಡದಲ್ಲಿ. ಪುಸ್ತಕದ ಹೊರಗೂ ಅವರ ಇಂಗ್ಲಿಷ್ ಸಲೀಸಾಗಿ ಓಡಾಡುತ್ತದೆ ಎಂದು ನಾನು ಮೊದಲನೆಯ ವಾರದಲ್ಲೇ ಪತ್ತೆ ಹಚ್ಚಿ, ಅಂದಿನಿಂದ ಅವರೊಂದಿಗೆ ಕನ್ನಡದಲ್ಲೇ ಮಾತಾಡುತ್ತ ಬಂದಿದ್ದೇನೆ. ಅವರು ಬರೆಯಲಿ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ಕೈ ಮಾಡಿ, ಕುಲಕರ್ಣಿ ಸರ್ ಹಿರಿಯರು, ಅವರೇ ಬರೆಯಲಿ ಎಂದುಬಿಟ್ಟರು. ಹಿರಿಯರು ಎಂಬ ಮಾತಿಗೆ ನಾನು ಯಾವಾಗಲೂ ಬೀಳುತ್ತೇನೆ.

ಮೊದಲಿನ ಎರಡು ವಾಕ್ಯ ಹಳೆಯ ಮಾನಪತ್ರಗಳಿಂದ ಸಿಕ್ಕವು. ಮೂರನೆಯದರಲ್ಲಿ ಬಿರಾದಾರ ಸರ್ ಮೂವತ್ತೊಂದು ವರ್ಷ ಪಟ್ಟ ಶ್ರಮವನ್ನು ಹೇಳಬೇಕಿತ್ತು. ‘ವರ್ಕ್ಡ್ ಹಾರ್ಡ್’ ಎಂದು ಬರೆದೆ. ಅದು ಐದನೆಯ ಇಯತ್ತೆಯ ಹುಡುಗನ ಪ್ರಗತಿ ಪತ್ರದ ಹಾಗೆ ಕಂಡಿತು. ದಪ್ಪ ಡಿಕ್ಷನರಿ ತೆಗೆದೆ. ಶ್ರಮಕ್ಕೆ ಇಂಗ್ಲಿಷಿನವರು ಎಷ್ಟೊಂದು ಮಾತು ಇಟ್ಟುಕೊಂಡಿದ್ದಾರೆ ಎಂದರೆ, ಶ್ರಮಪಡಲು ಅವರಿಗೆ ಹೊತ್ತಾದರೂ ಎಲ್ಲಿ ಉಳಿಯಿತೋ ಎನಿಸಿತು. ‘ಲೇಬರ್’ ಎಂದು ಬರೆಯೋಣವೆಂದರೆ ನಮ್ಮ ಕಡೆ ಲೇಬರ್ ಎಂದರೆ ಕಬ್ಬು ಕಡಿಯಲು ಟ್ರ್ಯಾಕ್ಟರಿನಲ್ಲಿ ಬರುವ ಗ್ಯಾಂಗು. ‘ಟಾಯಿಲ್’ ಚೆನ್ನಾಗಿತ್ತು, ಆದರೆ ನಮ್ಮೂರ ಪ್ರೆಸ್ಸಿನವನು ಅಕ್ಷರ ಬಿಟ್ಟುಹೋಗಿದೆ ಎಂದು ಕರುಣೆಯಿಂದ ಇನ್ನೆರಡು ಸೇರಿಸಿ ಶೌಚಾಲಯ ಕಟ್ಟಿಬಿಟ್ಟಾನು ಎಂಬ ಹೆದರಿಕೆ. ‘ಸ್ಟ್ರೈವ್’ನ ಭೂತಕಾಲ ‘ಸ್ಟ್ರೋವ್’, ನಮ್ಮ ಹೆಡ್ ಮಾಸ್ಟರು ಅದನ್ನು ವೇದಿಕೆಯ ಮೇಲೆ ಸ್ಟೋವ್ ಮಾಡುವುದು ಖಂಡಿತ. ‘ಎಕ್ಸರ್ಟ್’ಗೆ ಡಾಕ್ಟರ ಚೀಟಿಯ ವಾಸನೆ. ಕೊನೆಗೆ ‘ಸ್ಟ್ರಗಲ್’ ಸಿಕ್ಕಿತು. ನಮ್ಮ ಕಡೆ ಎಲೆಕ್ಷನ್ನಿಗೆ ನಿಂತವರಿಂದ ಹಿಡಿದು ಮೊಬೈಲ್ ಅಂಗಡಿ ತೆರೆದವರವರೆಗೆ ಎಲ್ಲರೂ ಭಾಳ ಸ್ಟ್ರಗಲ್ ಮಾಡೇವಿ ಎಂದೇ ಹೇಳುತ್ತಾರೆ. ಸ್ವಾತಂತ್ರ್ಯದ ಹೋರಾಟಕ್ಕೇ ಇಟ್ಟ ಮಾತು, ಒಂಬತ್ತನೆಯ ಇಯತ್ತೆಯ ಗಣಿತಕ್ಕೆ ಸಾಲದೆ? ‘ಸ್ಟ್ರಗಲ್ಡ್ ವಿತ್ ಮ್ಯಾಥಮ್ಯಾಟಿಕ್ಸ್ ಫಾರ್ ಥರ್ಟಿ-ಒನ್ ಇಯರ್ಸ್’ ಎಂದು ಬರೆದೆ. ‘ವಿತ್’ ಎಂದರೆ ಜೊತೆ. ಗಣಿತದ ಜೊತೆಗೂಡಿ, ಅದರ ಹೆಗಲಿಗೆ ಹೆಗಲು ಕೊಟ್ಟು ಮೂವತ್ತೊಂದು ವರ್ಷ ಹೋರಾಡಿದರು ಎಂಬ ಭಾವ. ಬರೆದು ನನಗೇ ಎದೆ ತುಂಬಿ ಬಂತು.

ಸುಧಾಳಿಗೆ ಓದಿ ಹೇಳಿದೆ. ಅವಳ ತವರು ಇಂಡಿ, ಮನೆಯಲ್ಲಿ ಅರ್ಧ ಮಾತು ಮರಾಠಿ. ಅರ್ಥ ಕೇಳಿದಳು, ಹೇಳಿದೆ. ಕಷ್ಟಪಟ್ರು ಅಂತ ಬರದೀರಿ, ಚಲೋ ಅದ ಎಂದಳು. ಮರಾಠಿಯಲ್ಲಿ ಕಷ್ಟ ಎಂದರೆ ದುಡಿಮೆ, ಅದು ಗೌರವದ ಮಾತು. ಅವಳ ಒಪ್ಪಿಗೆಯೂ ಸಿಕ್ಕ ಮೇಲೆ ನಾನು ನೇರವಾಗಿ ಪ್ರೆಸ್ಸಿಗೆ ಹೋದೆ. ಹೋಗುವ ದಾರಿಯಲ್ಲೇ ಸವಿತಾ ಟೀಚರ ಮನೆ. ಅವರು ಬಾಗಿಲಲ್ಲೇ ನಿಂತಿದ್ದರು. ನಮಸ್ಕಾರ ಮಾಡಿ ಮುಂದೆ ನಡೆದೆ.

ಸಮಾರಂಭ ಚೆನ್ನಾಗಿಯೇ ಆಯಿತು. ಬಿರಾದಾರ ಸರ್‌ಗೆ ಶಾಲು ಹೊದಿಸಿ ರುಮಾಲು ಸುತ್ತಿ ಕುರ್ಚಿಯ ಮೇಲೆ ಕೂಡ್ರಿಸಿದ್ದರು. ಅವರ ಮನೆಯವರು, ಯಂಕಂಚಿಯಿಂದ ಬಂದ ಬಂಧುಗಳು ಮುಂದಿನ ಸಾಲಿನಲ್ಲಿ. ಹೆಡ್ ಮಾಸ್ಟರು ಮಾನಪತ್ರ ಓದಿದರು. ‘ಸ್ಟ್ರಗಲ್ಡ್’ ಎಂಬಲ್ಲಿ ಅವರು ದನಿ ಏರಿಸಿದರು, ಹಿಂದಿನಿಂದ ಚಪ್ಪಾಳೆ ಬಿತ್ತು. ಅದೇ ಗಳಿಗೆಯಲ್ಲಿ ಬಿರಾದಾರ ಸರ್ ತಲೆ ಎತ್ತಿ ಸೀದಾ ನನ್ನನ್ನು ನೋಡಿದರು. ಆ ನೋಟವನ್ನು ನಾನು ಕೃತಜ್ಞತೆ ಎಂದು ಓದಿಕೊಂಡೆ. ಓದುವುದರಲ್ಲಿ ನಾನು ಮೊದಲಿನಿಂದಲೂ ಅವಸರದವನು. ಅವರು ಎರಡೇ ಮಾತಿನಲ್ಲಿ ಭಾಷಣ ಮುಗಿಸಿದರು. ಗೋದಿ ಹುಗ್ಗಿಯ ಊಟವಿತ್ತು. ತಲೆ ನೋವು ಎಂದು ಹೇಳಿ ಎಲೆಯ ಮುಂದೆ ಕೂಡದೆ ಬಂಧುಗಳ ಜೀಪು ಹತ್ತಿದರು. ಮೂವತ್ತೊಂದು ವರ್ಷದ ಶಾಲೆ ಬಿಟ್ಟು ಹೋಗುವ ಮನುಷ್ಯ, ಮನಸ್ಸು ಭಾರವಾಗಿರಬೇಕು ಎಂದು ನಾವೆಲ್ಲ ಮಾತಾಡಿಕೊಂಡೆವು. ನಾನು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ.

ಮರುದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸವಿತಾ ಟೀಚರ್ ನನ್ನ ಟೇಬಲ್ಲಿನ ಹತ್ತಿರ ಬಂದರು. ಹಾಜರಿ ಪುಸ್ತಕವನ್ನು ಒಮ್ಮೆ ಈ ಕೈಗೆ, ಒಮ್ಮೆ ಆ ಕೈಗೆ ಬದಲಾಯಿಸಿದರು.

"ಸರ್, ಸಿಟ್ಟಾಗಬ್ಯಾಡ್ರಿ. ಸ್ಟ್ರಗಲ್ಡ್ ವಿತ್ ಮ್ಯಾಥಮ್ಯಾಟಿಕ್ಸ್ ಅಂದ್ರ, ಅವರಿಗೆ ಗಣಿತ ಬರ್ತಿರಲಿಲ್ಲ, ಒದ್ದಾಡ್ತಿದ್ರು ಅಂತ ಅರ್ಥ ಆಗ್ತೈತ್ರಿ."

ನಾನು ನಕ್ಕೆ. ಇಂಗ್ಲಿಷಿನಲ್ಲಿ ಒಂದೊಂದು ಮಾತಿಗೆ ಹತ್ತು ಪ್ರಯೋಗಗಳಿರುತ್ತವೆ, ಇದು ಹಳೆಯ ಶಿಷ್ಟ ಪ್ರಯೋಗ ಎಂದೆ. ಅವರು ಇರಬಹುದ್ರಿ ಎಂದರು. ನಮ್ಮ ಕಡೆ ಇರಬಹುದ್ರಿ ಎಂದರೆ ಇಲ್ಲ ಎಂದೇ. ಅವರು ಕ್ಲಾಸಿಗೆ ಹೋದ ಮೇಲೆ ಲೈಬ್ರರಿಯ ಡಿಕ್ಷನರಿ ತೆಗೆದೆ. ಮೊದಲನೆಯ ಅರ್ಥ ನಾನು ನೋಡಿದ್ದೇ ಇತ್ತು, ಹೋರಾಡು. ಎರಡನೆಯ ಅರ್ಥ ಅದರ ಕೆಳಗಿನ ಸಾಲಿನಲ್ಲೇ ಇತ್ತು. ಮನೆಯ ಡಿಕ್ಷನರಿಯಲ್ಲಿಯೂ ಇದ್ದೇ ಇರಬೇಕು. ಮೊದಲನೆಯದು ಸಿಕ್ಕ ಕೂಡಲೇ ನಾನು ಎದ್ದು ನಡೆದಾಡಲು ಹೋಗಿದ್ದೆ.

ಅಲ್ಲಿಂದ ನನ್ನ ಒದ್ದಾಟ ಶುರು. ಆ ನೋಟ, ಬಿಟ್ಟು ಹೋದ ಊಟ, ಎಲ್ಲದರ ಅರ್ಥ ಒಮ್ಮೆಲೇ ಬದಲಾಯಿತು. ಬಂಧು ಬಳಗದ ಮುಂದೆ, ಹುಡುಗರ ಮುಂದೆ, ಮೂವತ್ತೊಂದು ವರ್ಷ ಗಣಿತ ಕಲಿಸಿದ ಮನುಷ್ಯನಿಗೆ ಗಣಿತವೇ ಬರುತ್ತಿರಲಿಲ್ಲ ಎಂದು ನಾನು ಗಾಜು ಹಾಕಿಸಿ ಬರೆದುಕೊಟ್ಟಿದ್ದೆ. ಅಂದು ಸಂಜೆ ಅಡಿಗೆಮನೆಗೂ ಗೇಟಿಗೂ ನಡುವೆ ಎಷ್ಟು ನಡೆದೆನೆಂದರೆ ಅಷ್ಟರಲ್ಲಿ ಆಲಮಟ್ಟಿ ಮುಟ್ಟಬಹುದಿತ್ತು. ಸುಧಾ ಶೇಂಗಾ ಒಡೆಯುತ್ತ ಕೂತಿದ್ದಳು. ಎಲ್ಲವನ್ನೂ ಕೇಳಿ, ಇಂಗ್ಲಿಷಿಗಷ್ಟೇ ಯಾಕೆ ಬೈಯುತ್ತೀರಿ, ಕನ್ನಡದಲ್ಲೂ ಹಾಗೇ ಅಲ್ಲವೇ ಎಂದಳು. ಹುಡುಗ ಕಷ್ಟಪಟ್ಟು ಓದಿದ ಎಂದರೆ ಶಹಬಾಸ್ ಎನ್ನುತ್ತೇವೆ, ಕಷ್ಟಪಟ್ಟು ಪಾಸಾದ ಎಂದರೆ ದಡ್ಡ ಎನ್ನುತ್ತೇವೆ. ಮಾತು ಅದೇ. ನಾನು ಇಪ್ಪತ್ತೊಂಬತ್ತು ವರ್ಷ ಭಾಷೆ ಕಲಿಸಿದವನು, ಇದು ಹೊಳೆದಿರಲಿಲ್ಲ. ಅವಳು ಅಷ್ಟಕ್ಕೇ ಬಿಡದೆ ಇಂಡಿಯ ತಾಯಿಗೆ ಫೋನು ಹಚ್ಚಿದಳು. ನಮ್ಮ ಅತ್ತೆ, ಮರಾಠಿಯಲ್ಲಿ ಖಟಪಟಿ ಮನುಷ್ಯ ಎಂದರೆ ಕೆಲಸಗಾರ, ಸದಾ ದುಡಿಯುವವ, ಅದನ್ನೇ ಬರೆಯಬೇಕಿತ್ತು ಎಂದು ಸಲಹೆ ಕೊಟ್ಟರು. ನಮ್ಮ ಓಣಿಯಲ್ಲಿ ಖಟಪಟಿ ಎಂದರೆ ಗಂಡ ಹೆಂಡಿರ ಜಗಳ. ಅದು ಆ ಹೊತ್ತಿಗೆ ನಮ್ಮ ಮನೆಯಲ್ಲಿ ಶುರುವಾಗುವುದರಲ್ಲಿತ್ತು.

ಬಿರಾದಾರ ಸರ್‌ಗೆ ಫೋನು ಮಾಡಿದೆ. ಎತ್ತಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಅವರ ಮನೆಯವರು ಎತ್ತಿ, ಹೊಲಕ್ಕ ಹೋಗ್ಯಾರ್ರಿ ಎಂದರು. ಹಿಂದಿನಿಂದ ಬಿರಾದಾರ ಸರ್ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷ ಪಕ್ಕದ ಕ್ಲಾಸಿನಲ್ಲಿ ಕೇಳಿದ ಕೆಮ್ಮು, ಗುರುತು ಸಿಗದೇ ಇರುತ್ತದೆಯೇ? ಹಾಗಾದರೆ ಅವರಿಗೆ ಅರ್ಥ ಯಾರೋ ಹೇಳಿದ್ದಾರೆ. ಯಾರು? ಸವಿತಾ ಟೀಚರ ಮೇಲೆ ನನಗೆ ಸಂಶಯ ಬಂತು. ಕೇಳಿಯೂ ಬಿಟ್ಟೆ. ಅವರು ಕೆಂಪಗಾಗಿ, ನಾನು ನಿಮ್ಮ ಹೊರತು ಯಾರ ಮುಂದೂ ಬಾಯಿ ಬಿಟ್ಟಿಲ್ಲ ಎಂದರು. ಆ ಹುಡುಗಿಯ ಮುಂದೆ ಇನ್ನೊಮ್ಮೆ ಸಣ್ಣವನಾದೆ. ಮೂರು ವಾರ ಹೀಗೇ ಕಳೆದವು. ಕ್ಲಾಸಿನಲ್ಲಿ ಪಾಠ ಮಾಡುತ್ತ ಮಾಡುತ್ತ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಸರ್‌ಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಹುಡುಗರು ತೀರ್ಮಾನಿಸಿದ್ದರು.

ಕೊನೆಗೆ ಒಂದು ಉಪಾಯ ಮಾಡಿದೆ. ಹೊಸ ಮಾನಪತ್ರ ಮಾಡಿಸಿ, ಸ್ವತಃ ಒಯ್ದು ಕೊಟ್ಟು, ತಪ್ಪಾಯಿತು ಎಂದು ಹೇಳಿ ಬರುವುದು. ಈ ಸಲ ಮೈಯೆಲ್ಲ ಕಣ್ಣಾಗಿ ಬರೆದೆ. ‘ಸ್ಟ್ರಗಲ್’ ಎಂಬುದು ಬೈಗಳಾದರೆ ಅದರ ವಿರುದ್ಧ ಪದ ಹೊಗಳಿಕೆಯೇ ಆಗಬೇಕು, ಇದು ಗಣಿತದಷ್ಟೇ ಖಚಿತ. ಡಿಕ್ಷನರಿ ಹುಡುಕಿ, ಎರಡನೆಯ ಅರ್ಥ, ಮೂರನೆಯ ಅರ್ಥ ಎಲ್ಲವನ್ನೂ ಕೂತೇ ಓದಿ, ‘ಟಾಟ್ ಮ್ಯಾಥಮ್ಯಾಟಿಕ್ಸ್ ಎಫರ್ಟ್‌ಲೆಸ್ಲಿ ಫಾರ್ ಥರ್ಟಿ-ಒನ್ ಇಯರ್ಸ್’ ಎಂದು ಹಾಕಿದೆ. ನೀರು ಕುಡಿದಷ್ಟು ಸಲೀಸಾಗಿ ಕಲಿಸಿದರು ಎಂದು. ಸವಿತಾ ಟೀಚರಿಗೆ ತೋರಿಸಲಿಲ್ಲ. ಮಾನ ಹೋದ ಮೇಲೂ ಉಳಿಯುವ ಒಂದು ಜಾತಿಯ ಮಾನ ಇರುತ್ತದೆ, ಅದು ಬಹಳ ಗಟ್ಟಿ.

ಆದಿತ್ಯವಾರ ಚೌಕಟ್ಟನ್ನು ಪತ್ರಿಕೆಯಲ್ಲಿ ಸುತ್ತಿ, ತೊಡೆಯ ಮೇಲೆ ನಿಲ್ಲಿಸಿಕೊಂಡು ಸಿಂದಗಿ ಬಸ್ಸಿನಲ್ಲಿ ಕೂತೆ. ಚೌಕಟ್ಟು ಹಿಡಿದು ಬಸ್ಸು ಹತ್ತಬಾರದು ಎಂದು ಅಂದೇ ತಿಳಿದದ್ದು. ಕಂಡಕ್ಟರ್ ಯಾವ ದೇವರದು ಎಂದು ಕೇಳಿದ. ದೇವರಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಸೆರಗು ಸರಿಮಾಡಿಕೊಂಡು, ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದಳು. ಯಾರೂ ಇಲ್ಲ, ಎಲ್ಲ ಸೌಖ್ಯ ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಎಲ್ಲಾ ಅವನ ಆಟ ತಮ್ಮಾ, ಧೈರ್ಯ ತಗೋ ಎಂದು ದೇವರ ಹಿಪ್ಪರಗಿಯಲ್ಲಿ ಇಳಿಯುವವರೆಗೂ ನನ್ನನ್ನು ಸಮಾಧಾನ ಮಾಡಿದಳು. ನನಗೂ ಸಮಾಧಾನ ಬೇಕಾಗಿತ್ತು, ಸುಮ್ಮನೆ ಮಾಡಿಸಿಕೊಂಡೆ. ಬಸ್ಸಿನಲ್ಲಿ ಎದ್ದು ನಡೆದಾಡುವಂತಿಲ್ಲ. ಕೂತಲ್ಲೇ ಕಾಲು ಕುಣಿಸುತ್ತ ಕುಣಿಸುತ್ತ ಸಿಂದಗಿ ಮುಟ್ಟುವ ಹೊತ್ತಿಗೆ ಹೊದಿಸಿದ ಪತ್ರಿಕೆ ಎರಡು ಕಡೆ ಹರಿದಿತ್ತು. ಅಲ್ಲಿಂದ ಟಂಟಂ ಆಟೋ ಹಿಡಿದು ಯಂಕಂಚಿಗೆ ಹೋದೆ.

ಬಿರಾದಾರ ಸರ್ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಹೊಲಕ್ಕೆ ಹೋಗ್ಯಾರ್ರಿ ಎಂದು ಹೇಳಲು ಯಾರಿಗೂ ವೇಳೆ ಸಿಗಲಿಲ್ಲ. ನನ್ನನ್ನು ನೋಡಿ ಎದ್ದು ನಿಂತರು, ಬರ್ರಿ ಎಂದರು, ಕಾಲಿಗೆ ನೀರು ಕೊಡಿಸಿದರು. ಮನೆಗೆ ಬಂದವರ ಮೇಲೆ ಸಿಟ್ಟು ತೋರಿಸುವುದು ನಮ್ಮ ಕಡೆಯ ಪದ್ಧತಿಯಲ್ಲ. ಅದರಿಂದ ಬಂದವನಿಗೆ ಇನ್ನೂ ತ್ರಾಸ. ಒಳಗೆ ಪಡಸಾಲೆಯಲ್ಲಿ ಕೂತೆ. ಎದುರಿನ ಗೋಡೆಯ ಮೇಲೆ ನನ್ನ ಮಾನಪತ್ರ ತೂಗುತ್ತಿತ್ತು. ಅದರ ಮುಂದೆ ಅದೇ ಮೊಳೆಗೆ ಒಂದು ದೊಡ್ಡ ಕ್ಯಾಲೆಂಡರ್ ಹಾಕಿ ಮುಚ್ಚಿದ್ದರು. ಫ್ಯಾನು ತಿರುಗಿದಾಗಲೆಲ್ಲ ಕ್ಯಾಲೆಂಡರ್ ಅತ್ತ ಸರಿಯುತ್ತಿತ್ತು, ‘ಸ್ಟ್ರಗಲ್ಡ್’ ಎಂಬ ಮಾತು ಇಣುಕಿ ನೋಡಿ ಮತ್ತೆ ಒಳಗೆ ಹೋಗುತ್ತಿತ್ತು. ಅವರ ಮನೆಯವರು ಮಹಾದೇವಕ್ಕ ಚಹಾ, ಚೂಡಾ ತಂದಿಟ್ಟು ಊರಿನ ಸುದ್ದಿ ಕೇಳಿದರು. ನಾನು ಸೀಮೆಯ ಮಳೆಯ ಬಗ್ಗೆ ಎಲ್ಲ ಹೇಳಿದೆ. ಮಹಾದೇವಕ್ಕ ಒಳಗೆ ಹೋದ ಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಕುಲಕರ್ಣಿ ಸರ್, ಒಂದ ಮಾತ ಕೇಳ್ತೇನಿ. ಖರೆ ಹೇಳ್ರಿ. ನಿಮಗ ಯಾರ ಹೇಳಿದ್ರು?"

ಏನನ್ನು ಎಂದೆ.

"ನನಗ ಗಣಿತ ಬರ್ತಿದ್ದಿಲ್ಲ ಅನ್ನೂದು."

ನಾನು ಸುಮ್ಮನಾದದ್ದನ್ನು ಅವರು ಬೇರೆಯೇ ರೀತಿ ತಿಳಿದುಕೊಂಡರು. ಹೇಳುವುದಿಲ್ಲವಾದರೆ ಬಿಡಿ, ಗೊತ್ತಿದ್ದವರಿಗೆ ಪೂರ್ತಿ ಗೊತ್ತಿರಲಿ ಎಂದು ತಾವೇ ಹೇಳತೊಡಗಿದರು. ಅವರು ಕಲಿತದ್ದು ಸಸ್ಯಶಾಸ್ತ್ರ. ಎಲೆ, ಬೇರು, ಕಾಂಡ ಎಂದರೆ ಜೀವ. ನಮ್ಮ ಶಾಲೆಗೆ ಸೇರಿದ ವಾರದಲ್ಲೇ ಗಣಿತದ ಮಾಸ್ತರರು ಕೆಲಸ ಬಿಟ್ಟು ಹೋದರು. ಒಂದು ವರ್ಷ ಸಂಭಾಳಿಸಿರಿ, ಆಮೇಲೆ ಬೇರೆಯವರನ್ನು ನೇಮಿಸುತ್ತೇವೆ ಎಂದು ಆಗಿನ ಹೆಡ್ ಮಾಸ್ಟರು ಹೇಳಿದರು. ಆ ಒಂದು ವರ್ಷ ಮೊನ್ನೆ ಜುಲೈಗೆ ಮುಗಿಯಿತು. ಮೂವತ್ತೊಂದು ವರ್ಷ ದಿನಾಲು ಮುಂಜಾನೆ ಐದಕ್ಕೆ ಎದ್ದು, ಆ ದಿನ ಕಲಿಸಬೇಕಾದ ಲೆಕ್ಕಗಳನ್ನು ಮೂರು ಮೂರು ಸಲ ಬಿಡಿಸಿ, ಹಾಳೆಯ ಮೇಲೆ ಬರೆದು ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಬರುತ್ತಿದ್ದರು. ಹುಡುಗರು ಹಾಳೆಯಲ್ಲಿ ಇಲ್ಲದ ಲೆಕ್ಕ ಕೇಳಿದರೆ ನಾಳೆ ಮಾಡೋಣ ಎನ್ನುತ್ತಿದ್ದರು. ನಾಳೆ ತಪ್ಪದೆ ಮಾಡುತ್ತಿದ್ದರು. ತ್ರಿಕೋನಮಿತಿ ಬರುವ ತಿಂಗಳು ಅವರಿಗೆ ಊಟ ಸೇರುತ್ತಿರಲಿಲ್ಲ. ಕೈಯಲ್ಲಿ ಸೀಮೆಸುಣ್ಣ ನಡುಗುವುದು ಕಾಣಬಾರದೆಂದು ಬೋರ್ಡಿಗೆ ಒತ್ತಿ ಹಿಡಿದು ಬರೆಯುತ್ತಿದ್ದರಂತೆ. ಅವರ ಅಕ್ಷರ ಅಷ್ಟು ದಪ್ಪ ಯಾಕೆ ಎಂದು ನಮಗೆ ತಿಳಿದಿರಲಿಲ್ಲ.

"ಎಲ್ಲೆ ತಿಳೀವಲ್ದು ಅನ್ನೂದು ನನಗ ಪಕ್ಕಾ ಗೊತ್ತಿತ್ರಿ. ಹುಡುಗರಿಗೂ ಅಲ್ಲೇ ತಿಳೀತಿದ್ದಿಲ್ಲ. ಅಲ್ಲೆ ನಿಂತು ಹೇಳ್ತಿದ್ದೆ, ಅಷ್ಟ. ಯಾರಿಗೂ ಗೊತ್ತಾಗದಂಗ ಪಾರಾದೆ ಅಂತ ಆವತ್ತ ಕುರ್ಚಿ ಮ್ಯಾಲ ಕುಂತಿದ್ದೆ. ಅಷ್ಟರಾಗ ನೀವು ಎಲ್ಲಾರ ಮುಂದ ಓದಿಸಿಬಿಟ್ರಿ."

ನನ್ನ ತೊಡೆಯ ಮೇಲೆ ಚೂಡಾದ ಪ್ಲೇಟು ಹಾಗೇ ಇತ್ತು. ಈ ಮನುಷ್ಯ ಮೂವತ್ತೊಂದು ವರ್ಷ ಮುಚ್ಚಿಟ್ಟದ್ದನ್ನು ನನ್ನ ಮುಂದೆ ಸುರಿದಿದ್ದ. ನನಗೆ ಮೊದಲೇ ಗೊತ್ತು ಎಂದು ತಿಳಿದು ಸುರಿದಿದ್ದ. ಗೊತ್ತಿತ್ತು ಎಂದೇ ತಲೆಯಾಡಿಸಿ ಬಿಡಬಹುದಿತ್ತು. ನನ್ನ ಇಂಗ್ಲಿಷಿನ ಮರ್ಯಾದೆಯೂ ಉಳಿಯುತ್ತಿತ್ತು, ಬಹಳ ಸೂಕ್ಷ್ಮ ಬುದ್ಧಿಯವನೆಂಬ ಹೆಸರೂ ಬರುತ್ತಿತ್ತು. ತಲೆಯಾಡಿಸಲು ಶುರುವನ್ನೂ ಮಾಡಿದೆ. ಆದರೆ ಅವರು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ಪರೀಕ್ಷೆಯ ಪೇಪರ್ ತೋರಿಸಿ ಗುರುತು ಹಾಕಿಸಿಕೊಳ್ಳಲು ನಿಂತ ಹುಡುಗನ ಹಾಗೆ. ತಲೆ ಅರ್ಧಕ್ಕೇ ನಿಂತಿತು.

"ಯಾರೂ ಹೇಳಿಲ್ರಿ, ಸರ್. ನನಗ ಆ ಶಬ್ದದ ಅರ್ಥ ಸರಿಯಾಗಿ ಗೊತ್ತಿರಲಿಲ್ಲ. ನನಗ ಇಂಗ್ಲಿಷ್ ಅಷ್ಟೇನ ಬರೂದಿಲ್ರಿ."

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದೆ. ಹೇಳಿದ ಮೇಲೆ ಮನೆಯ ಜಂತಿ ಮುರಿದು ಬೀಳಲಿಲ್ಲ. ಬಿರಾದಾರ ಸರ್ ಭುಜ ಅಲುಗಾಡಿತು. ಅಳುತ್ತಿದ್ದಾರೆ ಎಂದು ಹೆದರಿ ಎದ್ದೆ. ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ. ಅವರು ನಗುವುದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ನನಗೂ ನಗು ಬಂತು. ನನ್ನ ಗಟ್ಟಿ ನಗು ಕೇಳಿ ಮಹಾದೇವಕ್ಕ ಬಾಗಿಲಿಗೆ ಬಂದರು. ಅವರು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ದಿನಾ ಮುಂಜಾನೆ ಎದ್ದು ಲೆಕ್ಕ ಮಾಡೂದು ನನಗ ಗೊತ್ತಿರಲಿಲ್ಲೇನು, ಪೂಜಾ ಮಾಡ್ತಾರ ಅಂತ ಮಂದಿಗೆ ಹೇಳ್ಕೋತ ಬಂದೇನಿ ಎಂದರು. ಬಿರಾದಾರ ಸರ್ ಹೆಂಡತಿಯ ಮುಖ ನೋಡಿದರು. ಅದು ಅವರಿಗೂ ಹೊಸ ಸುದ್ದಿ.

ನನಗೆ ಒಂದು ಸಂಶಯ ಉಳಿದಿತ್ತು, ಕೇಳಿದೆ. ಆ ಮಾತಿನ ಅರ್ಥವನ್ನು ಅವರಿಗೆ ಹೇಳಿದವರು ಯಾರು? ಬಿರಾದಾರ ಸರ್ ಸಹಜವಾಗಿ, ನೀವೇ ಹೇಳಿದ್ದಲ್ಲವೇ ಎಂದರು. ನಮ್ಮಿಬ್ಬರ ಕ್ಲಾಸುಗಳ ನಡುವೆ ಮೊದಲು ಗೋಡೆ ಇರಲಿಲ್ಲ, ತಗಡಿನ ಮರೆ ಇತ್ತು. ಆಗ ನಾನು ಹುಡುಗರಿಗೆ, ಸ್ಟ್ರಗಲ್ ಎಂದರೆ ಒದ್ದಾಡು, ನೀರಿನಿಂದ ತೆಗೆದ ಮೀನು ಒದ್ದಾಡುತ್ತದಲ್ಲ ಹಾಗೆ ಎಂದು ಹೇಳಿ, ಟೇಬಲ್ಲಿನ ಮೇಲೆ ಕೈ ಬಡಿದು ತೋರಿಸಿದ್ದೆನಂತೆ. ತಗಡಿನ ಆಚೆ ಅವರು ಆ ಹೊತ್ತು ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ತಮ್ಮನ್ನೇ ನೋಡಿ ಹೇಳಿದ ಹಾಗಾಯಿತು, ಆ ಮಾತು ಮರೆಯಲೇ ಇಲ್ಲ ಎಂದರು. ಅಂದರೆ ಹುಡುಗರಿಗೆ ಹೇಳುವಾಗ ನನಗೆ ಆ ಅರ್ಥ ಗೊತ್ತಿತ್ತು, ಬರೆಯುವಾಗ ಗೊತ್ತಿರಲಿಲ್ಲ. ಯಾವುದೋ ಗೈಡಿನಲ್ಲಿದ್ದದ್ದನ್ನು ಓದಿ ಒಪ್ಪಿಸಿ ಕೈ ತೊಳೆದುಕೊಂಡಿರಬೇಕು. ಪಾಠ ತಲೆಗೆ ಹತ್ತಿದ್ದು ತಗಡಿನ ಆಚೆಗಿದ್ದವರಿಗೆ.

ಇಷ್ಟಾದ ಮೇಲೆ ಬಂದ ಕೆಲಸ ಮುಗಿಸೋಣವೆಂದು ಹೊಸ ಚೌಕಟ್ಟನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಬಿರಾದಾರ ಸರ್ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ‘ಎಫರ್ಟ್‌ಲೆಸ್ಲಿ’ ಎಂದರೇನು ಎಂದು ಕೇಳಿದರು. ಆಗಲೇ ನನಗೆ ಹೊಸ ತಪ್ಪು ಹೊಳೆಯಿತು. ಸಲೀಸಾಗಿ, ಏನೂ ತ್ರಾಸ ತಗೊಳ್ಳದೆ ಎಂದೆ. ಅವರು ಇನ್ನೊಮ್ಮೆ ಓದಿದರು. ಅವಮಾನವಾದಾಗ ಅವರ ಮುಖ ಹೇಗಾಗುತ್ತದೆ ಎಂದು ಸಮಾರಂಭದ ದಿನ ನೋಡಿದ್ದೆ. ಈಗಲೂ ಅದು ಹಾಗೇ ಆಗುವುದರಲ್ಲಿತ್ತು. ಆದರೆ ಅವರು ಚೌಕಟ್ಟನ್ನು ಮೆತ್ತಗೆ ನನ್ನ ತೊಡೆಯ ಮೇಲೆ ಇಟ್ಟರು.

"ಇದನ್ನ ವಾಪಸ್ ಒಯ್ರಿ, ಸರ್. ಅದ ಇರಲಿ."

ಎದ್ದು ಹೋಗಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ತೆಗೆದು ಪಕ್ಕದ ಮೊಳೆಗೆ ಹಾಕಿದರು. ಅಂಗಿಯ ತುದಿಯಿಂದ ಗಾಜು ಒರೆಸಿದರು. ಒರೆಸಿ ಸ್ವಲ್ಪ ಹಿಂದೆ ಸರಿದು, ಬೋರ್ಡಿನ ಮೇಲಿನ ಲೆಕ್ಕ ಸರಿಯಾಗಿದೆಯೇ ಎಂದು ನೋಡುವ ಹಾಗೆ ನೋಡಿದರು. ನಾನೂ ನೋಡಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಬರೆದ ಒಂದೇ ಒಂದು ಸರಿಯಾದ ಇಂಗ್ಲಿಷ್ ವಾಕ್ಯ ಅದು, ಅದೂ ತಪ್ಪಾಗಿ ಬರೆದದ್ದು. ಮಹಾದೇವಕ್ಕ ಉಂಡೇ ಹೋಗಬೇಕೆಂದು ಹಟ ಹಿಡಿದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬಿರಾದಾರ ಸರ್ ಮೂರು ರೊಟ್ಟಿ ಉಂಡರು. ಹುಗ್ಗಿಯ ಸಾಲ ತೀರಿದ ಹಾಗಾಯಿತು. ಟಂಟಂ ಬರುವವರೆಗೆ ನಾವಿಬ್ಬರೂ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆವು. ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನೆನಪಿಲ್ಲ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಸುಧಾಳಿಗೆ ನಡೆದದ್ದನ್ನು ಹೇಳಿದೆ. ಬಿರಾದಾರ ಸರ್ ಗುಟ್ಟನ್ನು ಮಾತ್ರ ಹೇಳಬಾರದು ಎಂದುಕೊಂಡಿದ್ದೆ. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವಳು ಅದನ್ನೂ ಹೊರಗೆ ತೆಗೆದಿದ್ದಳು. (ಈಗ ನಿಮಗೂ ಹೇಳಿದೆ. ಅವರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. ಹೆಸರು ಹಾಕಬೇಡಿ ಎಂದರು. ಅದಕ್ಕೇ ಬಿರಾದಾರ ಎಂದಿದ್ದೇನೆ, ನಮ್ಮ ಜಿಲ್ಲೆಯಲ್ಲಿ ಕಲ್ಲು ಎಸೆದರೆ ಬಿರಾದಾರರ ಅಂಗಳದಲ್ಲೇ ಬೀಳುತ್ತದೆ.) ಸುಧಾ ಎಲ್ಲ ಕೇಳಿ ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಬಂಗಾರದ ಬಣ್ಣದ ಅಂಚು, ದಪ್ಪ ಗಾಜು. ಹೊಸ ಮಾತಿನ ಅರ್ಥ ಕೇಳಿದಳು. ಅವತ್ತಿಗೆ ಅದು ಎರಡನೆಯ ಸಲ. ಹೇಳಿದೆ, ಏನೂ ತ್ರಾಸ ತಗೊಳ್ಳದೆ ಎಂದು.

"ಚಲೋ ಅದ ಚೌಕಟ್ಟು, ಒಗೀಬ್ಯಾಡ್ರಿ. ಇನ್ನ ಎರಡ ವರ್ಷಕ್ಕ ನೀವೂ ರಿಟೈರ್ ಆಗ್ತೀರಿ. ಹೆಸರು, ತಾರೀಖ ತಿದ್ದಿಸಿ, ಮ್ಯಾಥಮ್ಯಾಟಿಕ್ಸ್ ಇದ್ದಲ್ಲಿ ಇಂಗ್ಲಿಷ್ ಹಾಕ್ಸಿದ್ರ ಆತು. ಉಳಿದದ್ದೆಲ್ಲಾ ಖರೇನ ಅದ."

ತಕ್ಕ ಉತ್ತರ ಕೊಡಬೇಕೆಂದು ಎದ್ದು ಗೇಟಿನವರೆಗೆ ಹೋದೆ, ಅಡಿಗೆಮನೆಯವರೆಗೆ ಬಂದೆ. ಎರಡು ಭಾಷೆಯಲ್ಲಿಯೂ ಸಿಗಲಿಲ್ಲ. ಕೊನೆಗೆ ಹರಿದ ಪತ್ರಿಕೆಯನ್ನೇ ಮತ್ತೆ ಸುತ್ತಿ ಚೌಕಟ್ಟನ್ನು ಕಪಾಟಿನ ಮೇಲೆ ಇಟ್ಟೆ. ದಾರ ಮಾತ್ರ ಗಟ್ಟಿಯಾಗಿ ಕಟ್ಟಲಿಲ್ಲ. ಎರಡು ವರ್ಷ ಎಂದರೆ ಏನು ಮಹಾ.